ಹರಿಹರದ ರೈಲುಮಾರ್ಗ ಮತ್ತು ಲಂಡನ್ನಿನ ಸಾಲ

ದ್ರವ್ಯಾರ್ಜನೆಯು ಗೃಹಸ್ಥನಿಗೆ ನಿಷಿದ್ಧವಲ್ಲ. ಅರ್ಜಿಸುವ ಮಾರ್ಗವು ನ್ಯಾಯಸಮ್ಮತವಾಗಿರಬೇಕೆಂಬುದೇ ಜೈನಾಚಾರ್ಯರ ಉಪದೇಶ. ಹಣವು ಪರರಾಜ್ಯಕ್ಕೆ ಹೋಗಿ ದುಡಿಯುವಾಗ ಈ ನಿಯಮದ ಪಾಲನೆ ಕಠಿಣವಾಗುತ್ತದೆ. ಅಲ್ಲಿನ ನಷ್ಟವನ್ನು ಯಾರು ಹೊತ್ತರೆಂಬುದು ಹೂಡಿದವನ ಕಣ್ಣಿಗೆ ಬೀಳುವುದಿಲ್ಲ. ದಾವಣಗೆರೆ ಮತ್ತು ಹರಿಹರದ ಜನರು ನಿತ್ಯ ಬಳಸುವ ರೈಲುಮಾರ್ಗದ ಇತಿಹಾಸವು ಇದಕ್ಕೊಂದು ನಿದರ್ಶನವಾಗಿದೆ.

1876-78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವು ತನ್ನ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗವನ್ನು ಕಳೆದುಕೊಂಡಿತು. ಹೊರಗಿನ ಧಾನ್ಯವು ರೈಲಿನಲ್ಲಿ ಬೆಂಗಳೂರಿನವರೆಗೆ ಬರುತ್ತಿದ್ದರೂ ಅದನ್ನು ಒಳನಾಡಿಗೆ ಸಾಗಿಸುವ ಸಾಧನಗಳಿರಲಿಲ್ಲ. 1881ರಲ್ಲಿ ಚಾಮರಾಜ ಒಡೆಯರಿಗೆ ರಾಜ್ಯವು ಮರಳಿ ದೊರೆತಾಗ, ಕ್ಷಾಮದ ನಿಮಿತ್ತ ಮಾಡಿದ 80 ಲಕ್ಷ ರೂಪಾಯಿಗಳ ಸಾಲವೂ ಅದರೊಡನೆ ಬಂದಿತು. ಆದರೂ ದಿವಾನ್ ರಂಗಾಚಾರ್ಲು ಅವರು ರೈಲುಮಾರ್ಗಗಳ ನಿರ್ಮಾಣಕ್ಕೆ ಆದ್ಯತೆಯಿತ್ತರು. 1884ರ ವೇಳೆಗೆ ಬೆಂಗಳೂರಿನಿಂದ ಹೊರಟ ಹಳಿಯು ತುಮಕೂರನ್ನು ದಾಟಿ ಗುಬ್ಬಿಯನ್ನು ಮುಟ್ಟಿತು. ಮುಂದೆ ಹರಿಹರದವರೆಗೆ ಸಾಗಲು ಸಂಸ್ಥಾನದ ಬೊಕ್ಕಸಕ್ಕೆ ಶಕ್ತಿ ಸಾಲದಾಯಿತು.

ಆಗ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1886ರ ಸುಮಾರಿಗೆ, ಈ ಕಾರ್ಯವನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ವಹಿಸಲಾಯಿತು. ಕಂಪನಿಯು ಇಂಗ್ಲೆಂಡಿನಲ್ಲಿ ಶೇಕಡಾ 4ರ ಬಡ್ಡಿಗೆ 12 ಲಕ್ಷ ಪೌಂಡುಗಳನ್ನು ಎತ್ತಿತು. ಬಡ್ಡಿಯ ಹೊಣೆ ಮೈಸೂರು ಸಂಸ್ಥಾನದ್ದಾಯಿತು. 1889ರಲ್ಲಿ ಮಾರ್ಗವು ಹರಿಹರವನ್ನು ಸೇರಿತು. ದಾವಣಗೆರೆಯ ಹತ್ತಿಯ ವ್ಯಾಪಾರಕ್ಕೆ ಇದರಿಂದ ದೊರೆತ ಪುಷ್ಟಿಯನ್ನು ಅಲ್ಲಗಳೆಯುವಂತಿಲ್ಲ. ಕಾರ್ಯವು ಸತ್ಕಾರ್ಯವೇ, ವಿಚಾರಿಸಬೇಕಾದುದು ಒಪ್ಪಂದದ ನೀತಿಯನ್ನು.

ಬಡ್ಡಿಯು ಪೌಂಡಿನಲ್ಲಿ, ರೈತನ ಕಂದಾಯವು ರೂಪಾಯಿಯಲ್ಲಿ. ಬೆಳ್ಳಿಯ ಬೆಲೆ ಕುಸಿದಂತೆ ರೂಪಾಯಿಯ ವಿನಿಮಯ ದರವೂ ಇಳಿಯಿತು. 1886-87ರಲ್ಲಿ ಒಂದು ರೂಪಾಯಿಗೆ ಸುಮಾರು 17 ಪೆನ್ನಿಗಳಿದ್ದರೆ, 1894-95ರಲ್ಲಿ ಅದು ಸುಮಾರು 13 ಪೆನ್ನಿಗಳಿಗೆ ಇಳಿದಿತ್ತು. ವರ್ಷದ ಬಡ್ಡಿ 48,000 ಪೌಂಡುಗಳು. ಮೊದಲ ದರದಲ್ಲಿ ಅದು ಸುಮಾರು 6.8 ಲಕ್ಷ ರೂಪಾಯಿಗಳಾದರೆ, ಎರಡನೆಯ ದರದಲ್ಲಿ ಸುಮಾರು 8.9 ಲಕ್ಷ ರೂಪಾಯಿಗಳು. ಸಾಲ ಒಂದು ಪೌಂಡಿನಷ್ಟೂ ಬೆಳೆಯಲಿಲ್ಲ, ಹೊರೆ ಮಾತ್ರ ಬೆಳೆಯಿತು.

ಹರಿಹರದ ಮುಂದೆ ಹರಿಯುವ ತುಂಗಭದ್ರೆಯ ಕೆಳದಂಡೆಯಲ್ಲಿ ಇದಕ್ಕೂ ಹಿಂದಿನ ಪಾಠವೊಂದಿದೆ. ಮದ್ರಾಸ್ ನೀರಾವರಿ ಮತ್ತು ಕಾಲುವೆ ಕಂಪನಿಯು 10 ಲಕ್ಷ ಪೌಂಡುಗಳಿಗೆ ಶೇಕಡಾ 5ರ ಖಾತರಿಯನ್ನು ಪಡೆದು ಕರ್ನೂಲು-ಕಡಪ ಕಾಲುವೆಯನ್ನು ತೋಡಿತು. ಆದಾಯ ನಿರೀಕ್ಷೆಯಂತೆ ಬರಲಿಲ್ಲ. ಕಡೆಗೆ 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡಿತು. ಭಾರತದ ಹಣಕಾಸು ಸದಸ್ಯರಾಗಿದ್ದ ವಿಲಿಯಂ ಮ್ಯಾಸಿಯವರು 1872ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ, ಖಾತರಿಯ ಬಡ್ಡಿ ಪಡೆಯುವ ಬಂಡವಳಿಗನಿಗೆ ತನ್ನ ಹಣ ಹೂಗ್ಲಿ ನದಿಗೆ ಬಿದ್ದರೂ ಒಂದೇ, ಇಟ್ಟಿಗೆ ಗಾರೆಯಾದರೂ ಒಂದೇ ಎಂಬ ಅಭಿಪ್ರಾಯವನ್ನು ನುಡಿದಿದ್ದರು.

ಶತಮಾನದ ಬಳಿಕ ಮಹಾರಾಷ್ಟ್ರದ ದಾಭೋಳದಲ್ಲಿ ಇದೇ ಕಥೆ ಮರುಕಳಿಸಿತು. ಅಮೆರಿಕದ ಎನ್ರಾನ್ ಸಂಸ್ಥೆಯೊಡನೆ 1992ರಲ್ಲಿ ಆರಂಭವಾದ ಮಾತುಕತೆಯು ಡಾಲರಿಗೆ ಕಟ್ಟಿದ ವಿದ್ಯುತ್ ದರದಲ್ಲಿಯೂ ಸರ್ಕಾರದ ಖಾತರಿಯಲ್ಲಿಯೂ ಪರ್ಯವಸಾನಗೊಂಡಿತು. 1995ರಲ್ಲಿ ಒಪ್ಪಂದ ರದ್ದಾಗಿ ಮತ್ತೆ ಕುದುರಿತು. 1999ರಲ್ಲಿ ಉತ್ಪಾದನೆ ತೊಡಗಿದ ಸ್ಥಾವರವು 2001ರಲ್ಲಿ ನಿಂತುಹೋಯಿತು. ಅದೇ ಡಿಸೆಂಬರಿನಲ್ಲಿ ಎನ್ರಾನ್ ದಿವಾಳಿಯಾಯಿತು. ಜನರಿಗೂ ಹೂಡಿದವರಿಗೂ ನಷ್ಟವೇ ಉಳಿಯಿತು.

ಅಸ್ಥಿರವಾದ ಅಥವಾ ಲಂಚಗುಳಿಯಾದ ರಾಜ್ಯದಲ್ಲಿ ಹಣ ಹೂಡುವವನು, ಅಪಾಯ ಹೆಚ್ಚಾದುದರಿಂದ ಬಡ್ಡಿಯೂ ಹೆಚ್ಚಿರಬೇಕೆಂದು ವಾದಿಸುತ್ತಾನೆ. ವಾದದಲ್ಲಿ ಸತ್ಯಾಂಶವಿದೆ. ಆದರೆ ಖಾತರಿಯ ಮೂಲಕ ಅಪಾಯವನ್ನು ಆ ನಾಡಿನ ರೈತನ ಹೆಗಲಿಗೆ ವರ್ಗಾಯಿಸಿದ ಮೇಲೆ, ಹೆಚ್ಚಿನ ಬಡ್ಡಿಯನ್ನು ಕೇಳುವ ಹಕ್ಕು ಎಲ್ಲಿ ಉಳಿಯಿತು? ಹೊರದ ಹೊರೆಗೆ ಕೂಲಿ ಪಡೆದಂತಾಗಲಿಲ್ಲವೆ? ಒಪ್ಪಂದಕ್ಕೆ ಸಹಿ ಹಾಕಿದ ಅಧಿಕಾರಿಗೆ ಲಂಚ ಸಂದಿದ್ದರಂತೂ ಸಾಲ ತೀರಿಸುವ ಪ್ರಜೆಯ ಸಮ್ಮತಿಯೇ ಅಲ್ಲಿರುವುದಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನು ಹೆಸರಿಸಿದೆ. ಕನ್ನಡ ನಾಡಿನವರೇ ಆದ ಪೂಜ್ಯಪಾದಾಚಾರ್ಯರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ, ವ್ಯವಸ್ಥೆ ಕೆಟ್ಟ ರಾಜ್ಯದಲ್ಲಿ ಬೆಲೆಬಾಳುವ ವಸ್ತುಗಳು ಅಲ್ಪಮೌಲ್ಯಕ್ಕೆ ದೊರೆಯುವುವೆಂದು ಪ್ರಯತ್ನಿಸುವುದನ್ನು ಇದರಡಿಯಲ್ಲಿ ವಿವರಿಸುತ್ತಾರೆ. ಬೀಗ ಮುರಿಯದಿದ್ದರೂ ಪರರ ದೌರ್ಬಲ್ಯದಿಂದ ಅನುಚಿತ ಲಾಭ ಪಡೆಯುವುದು ಚೌರ್ಯದ ನೆರಳೇ ಎಂಬ ಆಚಾರ್ಯರ ಈ ಸೂಕ್ಷ್ಮದೃಷ್ಟಿಯು ರೈಲು, ವಿದ್ಯುತ್, ಬಂದರುಗಳ ಸಾಲಪತ್ರಗಳಿಗೂ ಅನ್ವಯಿಸುತ್ತದೆ.

ಇಂದು ಶ್ರಾವಕರ ಉಳಿತಾಯವೂ ನಿಧಿಗಳ ಮೂಲಕ ದೂರದ ದೇಶಗಳನ್ನು ಮುಟ್ಟಬಲ್ಲದು. ಬಸದಿಯ ಧರ್ಮದರ್ಶಿಗಳು ದೇವದ್ರವ್ಯವನ್ನು ಸುಭದ್ರವಾಗಿಡಲು ಬದ್ಧರು; ಕಾನೂನು ತೋರಿದ ಹಾದಿಯನ್ನು ಅವರು ಬಿಡಬಾರದು. ಮನೆಯ ಯಜಮಾನನಾದರೋ ಹೆಚ್ಚಿನ ಪ್ರತಿಫಲದ ಆಶ್ವಾಸನೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಬೇಕು: ನಷ್ಟವಾದರೆ ತೆರುವವರು ಯಾರು? ಅವರು ತಿಳಿದು ಒಪ್ಪಿದ್ದಾರೆಯೇ? ಒಪ್ಪಂದದ ಲೆಕ್ಕ ಎಲ್ಲರ ಕಣ್ಣಿಗೆ ಕಾಣುತ್ತಿದೆಯೇ? ಉತ್ತರ ದೊರೆಯದ ಕಡೆ ಹಣವನ್ನು ತಡೆಹಿಡಿಯುವುದೇ ವಿವೇಕ. ಪರಿಗ್ರಹ ಪರಿಮಾಣವ್ರತವು ಸಂಪತ್ತಿಗೆ ಮಿತಿ ಹಾಕಿದರೆ, ಅಚೌರ್ಯವು ಅದರ ಮೂಲವನ್ನು ಶೋಧಿಸುತ್ತದೆ. ಇವೆರಡೂ ಕೂಡಿದಲ್ಲಿಯೇ ನ್ಯಾಯೋಪಾರ್ಜಿತ ಧನ.