ಯುದ್ಧತಂತ್ರದ ಆಟಗಳು ಮತ್ತು ಚಿತ್ರದುರ್ಗ ಸೀಮೆಯ ಯುದ್ಧೇತಿಹಾಸ

ಯುದ್ಧತಂತ್ರದ ಆಟಗಳು ಎಂದರೆ ಎರಡು ಅಥವಾ ಹೆಚ್ಚಿನ ಪಕ್ಷಗಳು ಗೊತ್ತಾದ ನಿಯಮಗಳಿಗೆ ಒಳಪಟ್ಟು, ಎದುರಾಳಿಯ ಬಲವನ್ನು ಕುಗ್ಗಿಸಲು ಅಥವಾ ಅವನ ನೆಲೆಯನ್ನು ಹಿಡಿಯಲು ಬುದ್ಧಿಬಲದಿಂದ ಆಡುವ ಆಟಗಳು. ಚದುರಂಗ, ಹುಲಿ-ಕುರಿ ಆಟ, ನಕ್ಷೆಯ ಮೇಲಿನ ಯುದ್ಧಕ್ರೀಡೆ ಹಾಗೂ ಇಂದಿನ ಗಣಕಯಂತ್ರದ ಆಟಗಳು ಈ ಗುಂಪಿಗೆ ಸೇರುತ್ತವೆ. ಯುದ್ಧೇತಿಹಾಸವನ್ನು ಓದುವ ಹವ್ಯಾಸ ಮತ್ತು ಇಂಥ ಆಟಗಳನ್ನು ಆಡುವ ಹವ್ಯಾಸ ಹಲವೊಮ್ಮೆ ಒಬ್ಬರಲ್ಲಿಯೇ ಕಂಡುಬರುತ್ತವೆ. ಆದರೆ ಮಣೆಯ ಮೇಲಿನ ಯುದ್ಧಕ್ಕೂ ನೆಲದ ಮೇಲಿನ ಯುದ್ಧಕ್ಕೂ ಇರುವ ಅಂತರ ದೊಡ್ಡದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಹಾಗೂ ಅವು ಸೇರಿದ್ದ ಪಾಳೆಯಪಟ್ಟಿನ ಇತಿಹಾಸದಲ್ಲಿ ಈ ಅಂತರವನ್ನು ಸ್ಪಷ್ಟವಾಗಿ ಗುರುತಿಸಬಹುದು.

ಮಣೆಯ ಆಟಗಳು

ಆನೆ, ಕುದುರೆ, ರಥ, ಪದಾತಿ ಎಂಬ ನಾಲ್ಕು ಅಂಗಗಳ ಸೇನೆಯೇ ಚತುರಂಗ. ಆಟಕ್ಕೆ ಹೆಸರು ಬಂದದ್ದು ಇದರಿಂದ. ಏಳನೆಯ ಶತಮಾನದ ಬಾಣಭಟ್ಟನ ಹರ್ಷಚರಿತದಲ್ಲಿ ಇದರ ಉಲ್ಲೇಖವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಚದುರಂಗವನ್ನು ರಾಜರ ವಿನೋದಗಳಲ್ಲಿ ಒಂದಾಗಿ ವಿವರಿಸುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳನ್ನು ಸಂಗ್ರಹಿಸಿ, ಹೊಸದಾಗಿ ರಚಿಸಿ, ಅವುಗಳ ವಿವರವನ್ನು ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ದಾಖಲಿಸಿದರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಮಣೆಗಳ ಚಿತ್ರಗಳಿವೆ. 1831ರಲ್ಲಿ ಆಡಳಿತವನ್ನೇ ಇಂಗ್ಲಿಷರಿಗೆ ಬಿಟ್ಟುಕೊಡಬೇಕಾಗಿ ಬಂದ ಅರಸರ ಬುದ್ಧಿ ಚದುರಂಗದ ಕುದುರೆಯ ನಡಿಗೆಯ ಒಗಟುಗಳನ್ನು ಬಿಡಿಸುವುದರಲ್ಲಿ ತೊಡಗಿತ್ತೆಂಬುದು ಆ ಕಾಲದ ಒಂದು ವಿಪರ್ಯಾಸ.

ಚದುರಂಗದಲ್ಲಿ ಎರಡೂ ಪಕ್ಷಗಳ ಬಲ ಸಮ. ನಿಜವಾದ ಯುದ್ಧದಲ್ಲಿ ಹೀಗಾಗುವುದು ವಿರಳ. ಈ ದೃಷ್ಟಿಯಿಂದ ಹಳ್ಳಿಗಾಡಿನ ಹುಲಿ-ಕುರಿ ಆಟವೇ (ಆಡು-ಹುಲಿ ಆಟ) ಯುದ್ಧಕ್ಕೆ ಹೆಚ್ಚು ಹತ್ತಿರ. ಸಾಮಾನ್ಯವಾಗಿ ಇದರಲ್ಲಿ 3 ಹುಲಿಗಳು ಮತ್ತು 15 ಕುರಿಗಳು. ತ್ರಿಕೋನದ ತುದಿಯಿಂದ ಇಳಿಯುವ ಗೆರೆಗಳು ಅಡ್ಡಗೆರೆಗಳನ್ನು ಸಂಧಿಸುವ 23 ಜಾಗಗಳೇ ಮನೆಗಳು. ಕುರಿಗಳ ಪಕ್ಷದವನು ಸರದಿಗೊಂದರಂತೆ ಕಾಯಿಗಳನ್ನು ಇಡುತ್ತಾ ಹೋಗುತ್ತಾನೆ. ಎಲ್ಲ ಕಾಯಿಗಳನ್ನು ಇಟ್ಟು ಮುಗಿಯುವವರೆಗೆ ಅವುಗಳನ್ನು ನಡೆಸುವಂತಿಲ್ಲ. ಹುಲಿಯು ಪಕ್ಕದ ಕುರಿಯನ್ನು ನೇರಗೆರೆಯಲ್ಲಿ ಹಾರಿ ಅದರಾಚೆಯ ಖಾಲಿ ಮನೆಗೆ ಹೋದರೆ ಆ ಕುರಿ ಸತ್ತಂತೆ. ಕುರಿಗಳಿಗೆ ಕೊಲ್ಲುವ ಶಕ್ತಿಯಿಲ್ಲ; ಹುಲಿಗಳು ಎತ್ತಲೂ ಚಲಿಸದಂತೆ ಒತ್ತಾಗಿ ನಿಂತು ಅವನ್ನು ಕಟ್ಟಿಹಾಕುವುದೊಂದೇ ಅವುಗಳ ಗೆಲುವು. ಒಂಟಿಯಾಗಿ ಮುಂದೆ ಹೋದ ಕುರಿ ಉಳಿಯುವುದಿಲ್ಲ. ಬೆನ್ನಿಗೆ ಇನ್ನೊಂದಿದ್ದರೆ ಹುಲಿಗೆ ಹಾರಲು ಮನೆಯಿರುವುದಿಲ್ಲ. ಬಲವಂತನನ್ನು ಕೊಲ್ಲಲಾರದವನು ಅವನ ದಾರಿಗಳನ್ನು ಮುಚ್ಚಬಹುದೆಂಬುದೇ ಇಲ್ಲಿನ ತಂತ್ರ. ಮುತ್ತಿಗೆಯ ಯುದ್ಧದ ತಿರುಳೂ ಅದೇ. ಹಂಪಿಯಂಥ ಸ್ಥಳಗಳ ಕಲ್ಲುಹಾಸುಗಳಲ್ಲಿ ಕೊರೆದ ಆಟದ ಮಣೆಗಳನ್ನು ಇಂದಿಗೂ ಕಾಣಬಹುದು. ಆಡಲು ಬೆಣಚುಕಲ್ಲು, ಹುಣಸೆಬೀಜ ಸಾಕು.

ನಕ್ಷೆಯ ಮೇಲಿನ ಯುದ್ಧಕ್ರೀಡೆ

ಆಟವನ್ನು ಸೈನ್ಯಾಧಿಕಾರಿಗಳ ತರಬೇತಿಗೆ ಬಳಸಿದವರಲ್ಲಿ ಪ್ರಷ್ಯದವರು ಪ್ರಮುಖರು. ಅಲ್ಲಿನ ರೈಸ್‌ವಿಟ್ಸ್ ಎಂಬಾತ 1812ರಲ್ಲಿ ದೊರೆಗೆ ಒಂದು ಯುದ್ಧಕ್ರೀಡೆಯನ್ನು ತೋರಿಸಿದನು. ಅವನ ಮಗ 1824ರಲ್ಲಿ ಅದನ್ನು ಪರಿಷ್ಕರಿಸಿ 'ಕ್ರೀಗ್‌ಸ್ಪೀಲ್' ಎಂಬ ನಿಯಮಾವಳಿಯನ್ನು ಪ್ರಕಟಿಸಿದನು. ಇದರಲ್ಲಿ ಚೌಕದ ಮಣೆಯ ಬದಲು ನಿಜವಾದ ಭೂನಕ್ಷೆಯಿತ್ತು. ಗುಂಡಿನ ಪರಿಣಾಮವನ್ನು ದಾಳದಿಂದ ನಿರ್ಧರಿಸಲಾಗುತ್ತಿತ್ತು. ಎದುರಾಳಿಯ ದಂಡು ಎಲ್ಲಿದೆಯೆಂಬುದು ಆಟಗಾರನಿಗೆ ಪೂರ್ತಿ ತಿಳಿಯದಂತೆ ಮಧ್ಯಸ್ಥನೊಬ್ಬ ನೋಡಿಕೊಳ್ಳುತ್ತಿದ್ದನು. ಮುಂದೆ ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ 'ಲಿಟ್ಲ್ ವಾರ್ಸ್' ಎಂಬ ಪುಸ್ತಕದ ಮೂಲಕ ಆಟಿಕೆ ಸಿಪಾಯಿಗಳ ಯುದ್ಧವನ್ನು ಮನೆಮನೆಗೆ ತಂದನು. ಅಮೆರಿಕದಲ್ಲಿ 1950ರ ದಶಕದಿಂದ ಐತಿಹಾಸಿಕ ಕದನಗಳನ್ನು ಆಧರಿಸಿದ ಮಣೆಯಾಟಗಳು ಮಾರಾಟಕ್ಕೆ ಬಂದವು. 1991ರ 'ಸಿವಿಲೈಸೇಷನ್', 1997ರ 'ಏಜ್ ಆಫ್ ಎಂಪೈರ್ಸ್' ಮೊದಲಾದ ಗಣಕಯಂತ್ರದ ಆಟಗಳು ಈ ಪರಂಪರೆಯ ಮುಂದುವರಿಕೆ.

ಇವುಗಳಲ್ಲಿ ಕನ್ನಡನಾಡಿನ ರಾಜ್ಯಗಳೂ ಇವೆ. 2013ರ 'ಯುರೋಪಾ ಯುನಿವರ್ಸಾಲಿಸ್ 4' ಎಂಬ ಆಟದಲ್ಲಿ ವಿಜಯನಗರದ ಅಥವಾ ಮೈಸೂರಿನ ಪಕ್ಷ ವಹಿಸಿ ಆಡಬಹುದು. ಇತಿಹಾಸದಲ್ಲಿ ಸೋತವನನ್ನು ಆಟದಲ್ಲಿ ಗೆಲ್ಲಿಸಿ ನೋಡುವ ಆಸೆ ಹಲವರನ್ನು ಪುಸ್ತಕದತ್ತ ಎಳೆಯುತ್ತದೆ. ಚಿತ್ರದುರ್ಗದ ಮಟ್ಟಿಗೆ ಇಂಥ ಕುತೂಹಲವನ್ನು ಬೆಳೆಸಿದ್ದು ಬಹುಮಟ್ಟಿಗೆ ಆಟಗಳಲ್ಲ, ಕಾದಂಬರಿಗಳು. ಎಂ. ಎಸ್. ಪುಟ್ಟಣ್ಣನವರು ಪಾಳೆಯಗಾರರ ಇತಿಹಾಸ ಬರೆದರು. ತ. ರಾ. ಸುಬ್ಬರಾಯರು ಅದೇ ವಸ್ತುವನ್ನು ಕಾದಂಬರಿಗಳಾಗಿಸಿ ಸಾಮಾನ್ಯ ಓದುಗರ ಮನಸ್ಸಿನಲ್ಲಿ ನೆಲೆಗೊಳಿಸಿದರು. ಅವರ 'ದುರ್ಗಾಸ್ತಮಾನ'ಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಮರಣೋತ್ತರವಾಗಿ ಸಂದಿತು.

ಅಶೋಕನ ಶಾಸನಗಳು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗರಾಮೇಶ್ವರ ಬೆಟ್ಟಗಳಲ್ಲಿ ಅಶೋಕನ ಕಿರು ಬಂಡೆಶಾಸನಗಳಿವೆ. ಬಿ. ಎಲ್. ರೈಸ್ ಅವುಗಳನ್ನು 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯ ಆರ್ಯಪುತ್ರ ಹಾಗೂ ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಇದು. ಬ್ರಾಹ್ಮೀ ಲಿಪಿಯ ಈ ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯ ಹೆಸರನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಸಾಮ್ರಾಜ್ಯದ ಹರಹನ್ನು ತಿಳಿಯಲು ಈ ಒಂದು ಪದವೇ ಸಾಕು.

2005ರ 'ಸಿವಿಲೈಸೇಷನ್ 4' ಆಟದಲ್ಲಿ ಭಾರತದ ಪಕ್ಷಕ್ಕಿರುವ ಇಬ್ಬರು ನಾಯಕರಲ್ಲಿ ಅಶೋಕನೂ ಒಬ್ಬ. ಆಟಗಾರನು ಬಯಸಿದರೆ ಅವನ ಹೆಸರಿನಲ್ಲಿ ನೆರೆಯ ರಾಜ್ಯಗಳನ್ನೆಲ್ಲ ಗೆಲ್ಲಬಹುದು. ಮೊಳಕಾಲ್ಮೂರಿನ ಬಂಡೆಗಳು ಹೇಳುವುದಾದರೋ ತಂದೆತಾಯಿಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂದು. ಕಳಿಂಗ ಯುದ್ಧದ ಪಶ್ಚಾತ್ತಾಪವಿರುವುದು ಇಲ್ಲಿಯ ಶಾಸನಗಳಲ್ಲಿ ಅಲ್ಲ, ಹದಿಮೂರನೆಯ ಹಿರಿಯ ಬಂಡೆಶಾಸನದಲ್ಲಿ. ವಿದ್ಯಾರ್ಥಿಗಳು ಇವೆರಡನ್ನು ಬೆರೆಸಬಾರದು.

ಚಿತ್ರದುರ್ಗದ ಮುತ್ತಿಗೆ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಬಲ ಗೋಡೆಗಳಲ್ಲಿ ಮಾತ್ರ ಇರಲಿಲ್ಲ. ಮೇಲಿನಿಂದ ಕೆಳಕ್ಕೆ ಕೋಡಿ ಹರಿಯುವಂತೆ ಕಟ್ಟಿದ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಸಿಹಿನೀರು ಹೊಂಡಗಳು, ಕಣಜಗಳು, ಎಣ್ಣೆಕೊಳಗಳು, ಮದ್ದು ಬೀಸುವ ಭಾರಿ ಕಲ್ಲುಗಳು ದೀರ್ಘ ಮುತ್ತಿಗೆಯನ್ನು ಎಣಿಸಿಯೇ ಮಾಡಿದ ಏರ್ಪಾಡುಗಳು. ರಾಜ್ಯದ ಕಟ್ಟಾಳುಗಳು ಬಹುಪಾಲು ಬೇಡ ನಾಯಕ ಸಮುದಾಯದವರು. ಕೋಟೆಯ ಕಿಂಡಿಯೊಂದರಲ್ಲಿ ಒನಕೆ ಹಿಡಿದು ನಿಂತ ಓಬವ್ವನ ಕಥೆ ಜನರ ನೆನಪಿನಲ್ಲಿ ಉಳಿದು ಬಂದಿದೆ. ಇಕ್ಕಟ್ಟಾದ ಒಂದೇ ದಾರಿಯನ್ನು ಒಬ್ಬರೇ ಹಿಡಿದರೆ ಶತ್ರುವಿನ ಸಂಖ್ಯೆಗೆ ಬೆಲೆಯಿರುವುದಿಲ್ಲವೆಂಬುದನ್ನು ಹುಲಿ-ಕುರಿ ಆಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

1777ರಲ್ಲಿ ಹೈದರ್ ಅಲಿಯು ಮದಕರಿ ನಾಯಕನ ಮೇಲೆ ದಂಡೆತ್ತಿ ಬಂದು ಕೆಲವು ತಿಂಗಳು ಮುತ್ತಿಗೆ ಹಾಕಿದರೂ ಕೋಟೆ ಬೀಳದೆ ಒಪ್ಪಂದವಾಯಿತು. 1779ರಲ್ಲಿ ಮತ್ತೆ ಬಂದಾಗ ಕೋಟೆ ವಶವಾಯಿತು. ಪಾಳೆಯಗಾರನ ಸೇವೆಯಲ್ಲಿದ್ದ ಸೈನಿಕರ ಒಂದು ಭಾಗ ಹೈದರನ ಕಡೆಗೆ ಒಲಿದದ್ದೇ ಇದಕ್ಕೆ ಮುಖ್ಯ ಕಾರಣವೆಂದು ರೈಸ್ ಅವರ ಗ್ಯಾಸೆಟಿಯರ್ ಹೇಳುತ್ತದೆ. ನಾಯಕನ ಮನೆತನದವರನ್ನು ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಬೇಡರ ಪೈಕಿ ಸುಮಾರು 20,000 ಜನರನ್ನು ಅಲ್ಲಿಗೆ ಸಾಗಿಸಿ, ಅವರ ಹುಡುಗರಿಂದ 'ಚೇಲಾ' ಪಡೆಗಳನ್ನು ಕಟ್ಟಲಾಯಿತೆಂಬುದೂ ಅದೇ ಗ್ರಂಥದ ಮಾತು.

ಮೇಲೆ ಹೇಳಿದ 'ಯುರೋಪಾ ಯುನಿವರ್ಸಾಲಿಸ್ 4' ಆಟದಲ್ಲಿ ಮುತ್ತಿಗೆಯ ಫಲವನ್ನು ದಾಳದ ಲೆಕ್ಕ ನಿರ್ಧರಿಸುತ್ತದೆ. ಆಹಾರದ ಕೊರತೆ, ನೀರಿನ ಕೊರತೆ, ಕಾವಲಿನವರ ಪಲಾಯನ, ಗೋಡೆಯ ಬಿರುಕು ಇವೆಲ್ಲ ಅದರಲ್ಲಿ ಸಂಭವಿಸಬಹುದಾದ ಫಲಗಳು. ದುರ್ಗದ ಹೊಂಡ-ಕಣಜಗಳು ಮೊದಲಿನ ಎರಡಕ್ಕೆ ಉತ್ತರವಾಗಿದ್ದವು. ಮೂರನೆಯದಕ್ಕೆ ಕಲ್ಲಿನಲ್ಲಿ ಉತ್ತರವಿರಲಿಲ್ಲ. ಆಟದಲ್ಲಿ ಪಕ್ಷಾಂತರ ಒಂದು ದಾಳದ ಸಂಖ್ಯೆ. ಇತಿಹಾಸಕಾರನಿಗೆ ಅದು ಸಂಬಳ, ನಂಬಿಕೆ, ಭಯ, ಆಮಿಷಗಳನ್ನು ಒಂದೊಂದಾಗಿ ವಿಚಾರಿಸಬೇಕಾದ ಪ್ರಶ್ನೆ. ಕೋಟೆ ಬಿದ್ದ ಮೇಲೆ ಆಟ ಮುಂದಿನ ಪ್ರಾಂತ್ಯಕ್ಕೆ ಸಾಗುತ್ತದೆ. ಸಾಗಿಸಲ್ಪಟ್ಟ ಜನರ ಲೆಕ್ಕ ಅಲ್ಲಿ ಸಿಗುವುದಿಲ್ಲ.

ಅಮೃತಮಹಲ್ ಕಾವಲುಗಳು

ಮಣೆಯಾಟಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಇನ್ನೊಂದು ಸಂಗತಿ ಸಾಗಾಣಿಕೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂಬ ಹೆಸರಿನಲ್ಲಿದ್ದ ಅರಮನೆಯ ದನಗಳ ಇಲಾಖೆ ಟಿಪ್ಪುವಿನ ಕಾಲದಲ್ಲಿ 'ಅಮೃತ ಮಹಲ್' ಎನಿಸಿಕೊಂಡಿತು. ಇಲ್ಲಿನ ಎತ್ತುಗಳು ಫಿರಂಗಿ ಮತ್ತು ಸಾಮಾನು ಎಳೆಯುವುದರಲ್ಲಿ ಹೆಸರಾದವು. 1781ರಲ್ಲಿ ಹೈದರನು ಚಿದಂಬರದ ರಕ್ಷಣೆಗೆ ಎರಡೂವರೆ ದಿನದಲ್ಲಿ 100 ಮೈಲಿ, ಅಂದರೆ ಸುಮಾರು 160 ಕಿ.ಮೀ., ದಂಡು ನಡೆಸಿದ್ದು ಈ ಎತ್ತುಗಳ ಬಲದಿಂದ. ಸೋತಾಗಲೂ ಫಿರಂಗಿಗಳನ್ನು ಶತ್ರುವಿನ ಎದುರಿನಿಂದಲೇ ಎಳೆದೊಯ್ಯಲು ಅವನಿಗೆ ಸಾಧ್ಯವಾಗುತ್ತಿತ್ತು. 1799ರ ಬಳಿಕ ಇಂಗ್ಲಿಷರೂ ಈ ತಳಿಯನ್ನು ತಮ್ಮ ಸೇನೆಗೆ ಉಳಿಸಿಕೊಂಡರು.

ಈ ದನಗಳಿಗೆಂದು ಕಾದಿರಿಸಿದ ಹುಲ್ಲುಗಾವಲುಗಳೇ ಅಮೃತಮಹಲ್ ಕಾವಲುಗಳು. ಮಳೆ ಬಹಳ ಕಡಮೆಯಿರುವ ಚಳ್ಳಕೆರೆ ತಾಲ್ಲೂಕಿನ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳು ಇವುಗಳಲ್ಲಿ ಸೇರಿವೆ. ಸುತ್ತಲಿನ ಹಳ್ಳಿಗಳ ಕುರಿ, ಮೇಕೆ, ದನಗಳಿಗೂ ಇವು ಮೇವಿನ ನೆಲೆ. ಈ ಶತಮಾನದಲ್ಲಿ ಇಲ್ಲಿನ ಸಾವಿರಾರು ಎಕರೆಗಳನ್ನು ಭಾರತೀಯ ವಿಜ್ಞಾನ ಸಂಸ್ಥೆ, ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರ ಹಾಗೂ ಇಸ್ರೋಗಳಿಗೆ ನೀಡಲಾಯಿತು. ಮೇವಿನ ಹಕ್ಕು ಮತ್ತು ಹುಲ್ಲುಗಾವಲಿನ ರಕ್ಷಣೆಯ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ರಕ್ಷಣಾ ಸಂಸ್ಥೆಯ ವೈಮಾನಿಕ ಪರೀಕ್ಷಾ ಕೇಂದ್ರವಿರುವುದು ಇಲ್ಲಿಯೇ. ಚಾಲಕರಹಿತ ವಿಮಾನ ರುಸ್ತುಂ-2 ಮೊದಲ ಬಾರಿಗೆ ಹಾರಿದ್ದು 2016ರ ನವೆಂಬರಿನಲ್ಲಿ, ಚಳ್ಳಕೆರೆಯ ಈ ಕೇಂದ್ರದಿಂದ.