ಯಂತ್ರದ ಮೇಲೆ ಮೂಡಿದ ಬರಹ



ಕಮಲಾಪುರದಿಂದ ಬಸ್ಸೇರಿ ಕಲಬುರಗಿಯ ಸೂಪರ್ ಮಾರ್ಕೆಟ್‌ಗೆ ಬಂದಿದ್ದೀರಿ ಎಂದುಕೊಳ್ಳಿ. ಅಂಗಡಿಯೊಂದರ ಇಂಗ್ಲಿಷ್ ಫಲಕಕ್ಕೆ ಮೊಬೈಲ್ ಕ್ಯಾಮೆರಾ ಹಿಡಿದರೆ, ಪರದೆಯಲ್ಲಿ ಅದೇ ಫಲಕದ ಮೇಲೆ ಕನ್ನಡ ಅಕ್ಷರಗಳು ಮೂಡುತ್ತವೆ. ಫಲಕ ನಿಜ, ಮೇಲಿನ ಬರಹ ಗಣಕಯಂತ್ರದ್ದು. ಎದುರಿನ ವಸ್ತುವಿನ ಮೇಲೆ ಮಾಹಿತಿಯನ್ನು ಹೀಗೆ ಹೊಂದಿಸಿ ತೋರಿಸುವುದೇ ‘ಆಗ್ಮೆಂಟೆಡ್ ರಿಯಾಲಿಟಿ’, ಅಂದರೆ ವರ್ಧಿತ ವಾಸ್ತವ. ಈ ಹೆಸರು ಹುಟ್ಟಿದ್ದು ಮಾತ್ರ ಕಾರ್ಖಾನೆಯ ಕೆಲಸದಿಂದ.

1968ರಲ್ಲಿ ಅಮೆರಿಕದ ಐವಾನ್ ಸದರ್‌ಲ್ಯಾಂಡ್ ತಲೆಗೆ ಧರಿಸುವ ಪರದೆಯೊಂದನ್ನು ರೂಪಿಸಿದರು. ಅದನ್ನು ಚಾವಣಿಗೆ ಜೋಡಿಸಬೇಕಾಗಿತ್ತು! 1990ರ ದಶಕದ ಆರಂಭದಲ್ಲಿ ಬೋಯಿಂಗ್ ವಿಮಾನ ಸಂಸ್ಥೆಯ ಟಾಮ್ ಕಾಡೆಲ್ ಮತ್ತು ಡೇವಿಡ್ ಮೈಜೆಲ್ ಒಂದು ತೊಡಕನ್ನು ಎದುರಿಸಿದರು. ವಿಮಾನದ ನೂರಾರು ತಂತಿಗಳನ್ನು ಕಾರ್ಮಿಕರು ದೊಡ್ಡ ಹಲಗೆಗಳ ಮೇಲೆ, ಸೂಚನೆ ಓದಿ ಓದಿ ಹೊಂದಿಸಬೇಕಿತ್ತು. ತಂತಿಯ ದಾರಿ ಹಲಗೆಯ ಮೇಲೆಯೇ ಕಂಡರೆ ಹೇಗೆ ಎಂಬ ಅವರ ವಿಚಾರ 1992ರಲ್ಲಿ ಪ್ರಬಂಧವಾಗಿ ಪ್ರಕಟವಾಯಿತು. ಅದೇ ವರ್ಷ ಅಮೆರಿಕದ ವಾಯುಪಡೆಯ ಪ್ರಯೋಗಾಲಯದಲ್ಲಿ ಲೂಯಿಸ್ ರೋಸೆನ್‌ಬರ್ಗ್, ದೂರದ ಯಂತ್ರತೋಳುಗಳನ್ನು ನಡೆಸುವವನ ಕೈಗೆ ಕೃತಕ ಆಸರೆಗಳು ದಾರಿ ತೋರುವ ವ್ಯವಸ್ಥೆ ರಚಿಸಿದರು. 1993ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಲೇಸರ್ ಮುದ್ರಣಯಂತ್ರದ ನಿರ್ವಹಣೆಯನ್ನು ಇದೇ ರೀತಿಯಲ್ಲಿ ಹೇಳಿಕೊಟ್ಟರು.

ನಮ್ಮ ನಾಡಿನಲ್ಲೂ ಯಂತ್ರವಿದ್ಯೆಗೆ ಭದ್ರ ಬುನಾದಿಯಿದೆ. ಎಚ್.ಎಂ.ಟಿ. ಸ್ಥಾಪನೆಯಾದದ್ದು 1953ರಲ್ಲಿ. ಯಂತ್ರೋಪಕರಣ ಸಂಶೋಧನೆಗೆಂದು ಬೆಂಗಳೂರಿನಲ್ಲಿ ಕೇಂದ್ರೀಯ ಸಂಸ್ಥೆಯೊಂದು 1962ರಲ್ಲಿ ಆರಂಭವಾಯಿತು. ಸಿ.ಎಂ.ಟಿ.ಐ. ಎಂದು ಹೆಸರಾದ ಈ ಸಂಸ್ಥೆ ಇಂದು ಯಂತ್ರಗಳಿಗೆ ಸಂವೇದಕಗಳನ್ನು ಅಳವಡಿಸಿ ಅವುಗಳ ಸ್ಥಿತಿಯನ್ನು ಅರಿಯುವ ವಿಧಾನಗಳನ್ನು ಉದ್ಯಮಗಳಿಗೆ ತೋರಿಸಿಕೊಡುತ್ತಿದೆ. ಯಂತ್ರದ ಬಿಸಿ, ಅದುರುವಿಕೆ, ವೇಗ ಇವು ಅಂಕಿಗಳಾಗಿ ದೊರೆತಾಗಲೇ ಕನ್ನಡಕದ ಗಾಜಿನ ಮೇಲೆ ಅವು ಮೂಡಲು ಸಾಧ್ಯ.

ಆದರೆ ಒಂದು ಪ್ರಶ್ನೆ. ಗಾಜಿನ ಮೇಲೆ ಮೂಡುವ ಸೂಚನೆಯನ್ನು ಬರೆಯುವವರು ಯಾರು? ಕಲಬುರಗಿಯ ತೊಗರಿ ಬೇಳೆ ಮಿಲ್ಲುಗಳಲ್ಲಿ ಪಳಗಿದ ಕೆಲಸಗಾರ ಸದ್ದು ಕೇಳಿಯೇ ಯಂತ್ರದ ದೋಷ ಹೇಳಬಲ್ಲ. ನಿಜಾಮರ ಕಾಲದ ಎಂ.ಎಸ್.ಕೆ. ಬಟ್ಟೆ ಗಿರಣಿ ನಿಂತುಹೋಗಿ, ಇಂದು ಬಡಾವಣೆಯ ಹೆಸರಾಗಿ ಉಳಿದಿದೆ. ಅಲ್ಲಿ ದುಡಿದವರ ಕೈಯ ಅರಿವು ಎಷ್ಟು ಬರಹಕ್ಕೆ ಇಳಿಯಿತು?

ಹೊಸ ವಿದ್ಯೆ ಕಾರ್ಮಿಕನನ್ನು ಬರೀ ಆಜ್ಞೆ ಪಾಲಿಸುವವನನ್ನಾಗಿ ಮಾಡಬಹುದು. ಅವನ ಅನುಭವವನ್ನು ಮುಂದಿನ ಪೀಳಿಗೆಗೆ ದಾಟಿಸಲೂಬಹುದು. ಎರಡನೆಯದು ಆಗಬೇಕಾದರೆ ಆ ಅನುಭವವನ್ನು ಕೇಳಿ, ಕನ್ನಡದಲ್ಲಿ ಬರೆದಿಡುವವರು ಬೇಕು. ನಿಮ್ಮೂರಿನ ಮಿಲ್ಲಿಗೆ ಒಮ್ಮೆ ಹೋಗಿ, ಹಿರಿಯ ಕೆಲಸಗಾರರನ್ನು ಮಾತನಾಡಿಸಿ ನೋಡಿ.