ಕಿಂಡಿಯಾಚೆಯ ದಂಡು

ರೇಡಿಯೋ ನಾಟಕದಲ್ಲಿ ಸಂತೆಯ ಗದ್ದಲ ಕೇಳಿದೊಡನೆ ಅಲ್ಲಿ ನೂರಾರು ಮಂದಿ ನೆರೆದಿದ್ದಾರೆಂದು ನೀವು ನಂಬುತ್ತೀರಿ. ಧ್ವನಿಗ್ರಾಹಕದ ಮುಂದೆ ಗುಜುಗುಜು ಮಾಡುತ್ತಿರುವವರು ನಾಲ್ಕಾರು ಕಲಾವಿದರಷ್ಟೆ. ಕಿವಿಯನ್ನು ಹೀಗೆ ಒಲಿಸಿಕೊಳ್ಳಬಹುದು; ಕಣ್ಣು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ತೆರೆಯ ಮೇಲೆ ದಂಡೊಂದನ್ನು ತೋರಿಸಬೇಕಾದರೆ ಆಳು, ಉಡುಪು, ಊಟ, ಕೂಲಿ ಎಲ್ಲವೂ ಬೇಕು. ಕೈಯಲ್ಲಿ ಹಣವಿಲ್ಲದವರು ಮಾಡುವುದೇನು?

ನಾಟಕ ಕಂಪನಿಗಳವರ ಉಪಾಯ ನಿಮಗೆ ಗೊತ್ತೇ ಇದೆ. ಒಂದು ಕಡೆಯಿಂದ ಹೋದ ಆರು ಮಂದಿ ಸಿಪಾಯಿಗಳು ಪರದೆಯ ಹಿಂದೆ ಓಡಿ, ಪೇಟ ಬದಲಿಸಿ, ಇನ್ನೊಂದು ಕಡೆಯಿಂದ ಹೊಸಬರಾಗಿ ಬರುತ್ತಾರೆ. ಸಿನಿಮಾದವರು ಇದಕ್ಕೆ ಧೂಳು, ಹೊಗೆ, ಕ್ಯಾಮೆರಾದ ಕೋನಗಳನ್ನು ಸೇರಿಸಿದರು. 1925ರ 'ಬೆನ್ ಹರ್' ಚಿತ್ರದ ರಥದ ಪಂದ್ಯದಲ್ಲಿ ಮೇಲಿನ ಸಾಲುಗಳ ಪ್ರೇಕ್ಷಕರು ಅಲುಗಾಡುವ ಪುಟ್ಟ ಬೊಂಬೆಗಳು! ಇದಕ್ಕೆ ವ್ಯತಿರಿಕ್ತವಾಗಿ 1982ರ 'ಗಾಂಧಿ' ಚಿತ್ರದ ಅಂತ್ಯಯಾತ್ರೆಗೆ ಸುಮಾರು 3 ಲಕ್ಷ ಜನರೇ ಸೇರಿದ್ದರು.

ನಮ್ಮಲ್ಲಿ ಈ ಕಷ್ಟಕ್ಕೆ ಕಥೆಯೇ ಪರಿಹಾರ ಒದಗಿಸಿದ ಪ್ರಸಂಗವೊಂದುಂಟು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಬಂಡೆಗಳ ನಡುವಿನ ಪಾಳೆಯಗಾರರ ಊರು. ಒನಕೆ ಓಬವ್ವ ತಮ್ಮೂರ ಮಗಳೆಂದು ಅಲ್ಲಿಯವರು ಅಭಿಮಾನದಿಂದ ಹೇಳುತ್ತಾರೆ. ಅವಳು ಸೇರಿದ ಮನೆ ಚಿತ್ರದುರ್ಗದ ಕೋಟೆಯ ಕಾವಲುಗಾರನದು. ಹೈದರಾಲಿ 1779ರಲ್ಲಿ ದುರ್ಗವನ್ನು ಗೆದ್ದುಕೊಂಡನು. ಅದಕ್ಕೆ ಮುಂಚಿನ ಮುತ್ತಿಗೆಯೊಂದರಲ್ಲಿ, ಗಂಡ ಊಟಕ್ಕೆ ಕುಳಿತಿದ್ದಾಗ ನೀರಿಗೆ ಹೋದ ಓಬವ್ವ, ಕಿಂಡಿಯಲ್ಲಿ ನುಸುಳುತ್ತಿದ್ದ ಶತ್ರುಗಳನ್ನು ಒನಕೆಯಿಂದ ಹೊಡೆದುರುಳಿಸಿದಳೆಂಬುದು ಐತಿಹ್ಯ.

1972ರಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಕಾದಂಬರಿಗಳನ್ನಾಧರಿಸಿ 'ನಾಗರಹಾವು' ತೆಗೆದಾಗ ಈ ಐತಿಹ್ಯವನ್ನು ಒಂದು ಹಾಡಿನೊಳಗೆ ತಂದರು. ಹಾಡಿದವರು ಪಿ. ಬಿ. ಶ್ರೀನಿವಾಸ್, ಓಬವ್ವನಾದವರು ಜಯಂತಿ. ಕಿಂಡಿಯ ಗುಣವನ್ನು ಗಮನಿಸಿ. ದಂಡು ಎಷ್ಟೇ ದೊಡ್ಡದಿರಲಿ, ಅದು ಒಳಗೆ ಬಿಡುವುದು ಒಂದು ಸಲಕ್ಕೆ ಒಂದೇ ತಲೆ. ಆಚೆ ಸಾವಿರ ಮಂದಿ ಕಾದಿದ್ದಾರೆಂದು ನಮ್ಮ ಮನಸ್ಸೇ ಎಣಿಸಿಕೊಳ್ಳುತ್ತದೆ. ಸತ್ತು ಬಿದ್ದವನೇ ಹಿಂದಿನಿಂದ ಸುತ್ತಿ ಮತ್ತೆ ನುಸುಳಿದರೂ ಯಾರಿಗೆ ತಿಳಿದೀತು? (ಹಾಗೆ ಮಾಡಿದರೆಂದು ನಾನು ಹೇಳುತ್ತಿಲ್ಲ.) ಉಳಿತಾಯದ ಮಾತು ಹಾಗಿರಲಿ. ಬಯಲು ತುಂಬ ಕುದುರೆ ಕಾಲಾಳುಗಳನ್ನು ತೋರಿಸಿದ್ದರೆ ನಮ್ಮ ಕಣ್ಣು ಅತ್ತ ಹರಿದು, ಒನಕೆ ಹಿಡಿದ ಹೆಣ್ಣು ಮೂಲೆಗೆ ಸರಿಯುತ್ತಿದ್ದಳೆಂದೇ ನನ್ನ ಎಣಿಕೆ.

ಅವಳು ಕೊಂದವರೆಷ್ಟು ಮಂದಿ? ಹೇಳುವವರಿಂದ ಹೇಳುವವರಿಗೆ ಸಂಖ್ಯೆ ಬದಲಾಗುತ್ತದೆ. ಚಿತ್ರದುರ್ಗಕ್ಕೆ ಹೋದಾಗ ಆ ಕಿಂಡಿಯ ಬಳಿ ಸ್ವಲ್ಪ ಹೊತ್ತು ನಿಂತು ನೋಡಿ. ಎಷ್ಟು ದೊಡ್ಡ ಗುಂಪಿನಲ್ಲಿ ಬಂದವರಾದರೂ ಅಲ್ಲಿ ತಲೆ ತಗ್ಗಿಸಿ, ಒಬ್ಬರ ಹಿಂದೆ ಒಬ್ಬರು ನುಸುಳಲೇಬೇಕು.